ವಿಂಚ್ ಲಿಂಗನ್ ಹೇಳಿದ್ದು ಸರಿಯಾಗಿತ್ತು

ಸರಿಯಾದ ಮಾತೊಂದನ್ನು ನಾನು ನಲವತ್ತು ಜನರೆದುರು ತಪ್ಪು ಎಂದೆ. ಸರಿ ಎಂದು ಗೊತ್ತಿದ್ದೇ ಹಾಗೆ ಎಂದೆ. ಕೆಲವು ವಾರಗಳ ನಂತರ ಅದನ್ನು ಮುಚ್ಚಿಕೊಳ್ಳಲು ತಪ್ಪು ಉತ್ತರವೊಂದಕ್ಕೆ ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿದೆ. ಆ ಮಾತು ಆಡಿದವರು ಲಿಂಗನ್ ಮಾಮ. ಆ ಉತ್ತರ ಬರೆದವಳು ಅವರ ಮಗಳು ಮಾದೇವಿ.

ನನ್ನ ಪರಿಚಯ ಇರುವವರು ಇದನ್ನು ನಂಬಲಿಕ್ಕಿಲ್ಲ. ಬಾಹ್ಯಾಕಾಶದ ಸಿನಿಮಾಗಳಲ್ಲಿ ವಿಜ್ಞಾನ ಎಲ್ಲೆಲ್ಲಿ ಎಡವುತ್ತದೆ ಎಂದು ಕಾಲೇಜು ಕಾಲೇಜಿಗೆ ಹೋಗಿ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುವವನು ನಾನು. ಗಾಳಿಯಿಲ್ಲದಲ್ಲಿ ಸದ್ದು ಹೇಗೆ ಬಂತು, ಬೆಂಕಿ ಹೇಗೆ ಭಗ್ಗೆಂದಿತು — ನೋಡುವವರ ಕಣ್ಣಿಗೆ ಹಬ್ಬವಾಗಲೆಂದು ಸುಳ್ಳು ಹೇಳಬಹುದೇ ಎಂದು ಕೇಳಿ ಚಪ್ಪಾಳೆ ಗಿಟ್ಟಿಸುತ್ತೇನೆ. ಸುಳ್ಳಿನ ಬಗ್ಗೆ ಅಷ್ಟು ಖಚಿತವಾಗಿ ಮಾತಾಡಲು ನನಗೆ ಯಾವ ಹಕ್ಕಿದೆ ಎಂದು — ಇರಲಿ, ಕ್ರಮವಾಗಿಯೇ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನೀಲಗಿರಿಯ ನಮ್ಮೂರು ಎಮರಾಲ್ಡಿಗೆ ವಾಪಸು ಬಂದಿದ್ದೆ. ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಅಲ್ಲಿ ಬಿತ್ತನೆ ಆಲೂಗಡ್ಡೆಯ ಅಂಗಡಿ ಇಟ್ಟಿದ್ದರು. ಕೆಲಸ ಸಿಗುವವರೆಗೆ ನಾನು ಅಂಗಡಿಯ ಮೇಲಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದೆ. ಊರಿನಲ್ಲಿ ಎಲ್ಲರೂ 'ಮಾಸ್ಟರ್' ಎನ್ನುತ್ತಿದ್ದರು. ಆ ಹೆಸರು ನನಗೆ ಬೇಗ ರೂಢಿಯಾಯಿತು.

ಕರೆಂಟಿನವರ ಕ್ವಾರ್ಟರ್ಸಿನಲ್ಲಿ ಒಂದು ಕ್ಲಬ್ಬಿತ್ತು. ಮರದ ಬಾಗಿಲಿನ ಪೆಟ್ಟಿಗೆಯೊಳಗೆ ಕಲರ್ ಟೀವಿ. ಭಾನುವಾರ ಮಧ್ಯಾಹ್ನ ಊಟಿಯಿಂದ ಬಸ್ಸಿನಲ್ಲಿ ತಂದ ಇಂಗ್ಲಿಷ್ ಸಿನಿಮಾದ ಕ್ಯಾಸೆಟ್ ಹಾಕುತ್ತಿದ್ದರು. ಸುತ್ತಲ ಹಟ್ಟಿಗಳಿಂದ ಜನ ಶಾಲು ಹೊದ್ದು ಬರುತ್ತಿದ್ದರು. ಕ್ಯಾರೆಟ್ ತೊಳೆದ ಕೈ ಇನ್ನೂ ಒದ್ದೆಯಿರುತ್ತಿತ್ತು. ಇಂಗ್ಲಿಷ್ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆದರೆ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಟೀವಿಯ ಪಕ್ಕದ ಕುರ್ಚಿಯಲ್ಲಿ ಲಿಂಗನ್ ಮಾಮ ಕೂತು ಇಡೀ ಕಥೆಯನ್ನು ಅಲ್ಲಿನವರ ಬಡಗ ಮಾತಿನಲ್ಲಿ ಹೇಳುತ್ತಿದ್ದರು.

ಅವರು ವಿಂಚ್ ಆಪರೇಟರ್. ಕಣಿವೆಯ ತಳದಲ್ಲಿದ್ದ ಪವರ್ ಹೌಸಿಗೆ ಇಳಿಜಾರಿನ ಹಳಿಯ ಮೇಲೆ ಉಕ್ಕಿನ ಹಗ್ಗ ಕಟ್ಟಿದ ಗಾಡಿಯೊಂದು ಜನರನ್ನು ಇಳಿಸಿ ಹತ್ತಿಸುತ್ತಿತ್ತು. ಅದನ್ನು ನಡೆಸುವವರು. ಓದಿದ್ದು ಎಂಟನೆಯ ಕ್ಲಾಸಿನವರೆಗೆ. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೇ. ಮುಖ ನೋಡಿ ಮಾತು ಊಹಿಸುತ್ತಿದ್ದರು. ಗಗನಯಾತ್ರಿ ಹೆಂಡತಿಯ ಪಟ ನೋಡುತ್ತಾ ಕೂತರೆ, "ಈವ ಮನೆಗೆ ಹೇಳದೆ ಬಂದಿದಾನೆ, ಅದ್ಕೇ ಈ ಮೋರೆ" ಎನ್ನುತ್ತಿದ್ದರು. ಕ್ಲಬ್ಬು ಬಿದ್ದು ಬಿದ್ದು ನಗುತ್ತಿತ್ತು.

ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಒಂದು ಭಾನುವಾರ ಎರಡು ನೌಕೆಗಳು ಡಿಕ್ಕಿ ಹೊಡೆದು ಸಿಡಿದವು. ಕಿಟಕಿ ಗಾಜು ಅದುರುವಷ್ಟು ಸದ್ದು. ನಾನು ಎದ್ದು ನಿಂತು, ಅಲ್ಲಿ ಗಾಳಿಯೇ ಇಲ್ಲ, ಸದ್ದು ಬರುವುದಿಲ್ಲ, ಇದೆಲ್ಲ ಮೋಸ ಎಂದೆ. ಮುಂದಿನ ಸಾಲಿನ ಹೆತ್ತೆಯೊಬ್ಬಳು, ನಮ್ಮ ಕಡೆ ಅಜ್ಜಿ ಎನ್ನುವ ಹಾಗೆ ಎಲ್ಲರಿಗೂ ಹೆತ್ತೆ, ತಿರುಗಿ ನೋಡಿದಳು. "ಈ ತಂಬಿ ಸಿನಿಮಾ ನೋಡೋಕೆ ಬಂದದ್ದಾ, ಪೇಪರ್ ತಿದ್ದೋಕೆ ಬಂದದ್ದಾ?"

ಎಲ್ಲರೂ ನಕ್ಕರು. ಲಿಂಗನ್ ಮಾಮ ನಗಲಿಲ್ಲ. "ಇಲ್ಲೆ, ಇರಿ. ಮಾಸ್ಟರ್ ಓದಿದವರು" ಎಂದು ಎದ್ದು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ, ಸದ್ದನ್ನು ಪೂರ್ತಿ ಇಳಿಸಿ, ಆ ಸ್ಫೋಟವನ್ನು ಇನ್ನೊಮ್ಮೆ ಹಾಕಿದರು.

ಅದನ್ನು ಹೇಗೆ ಬರೆಯಲಿ — ಅಷ್ಟು ದೊಡ್ಡ ನೌಕೆ ಒಂದು ಉಸಿರಿನಷ್ಟೂ ಸದ್ದಿಲ್ಲದೆ ಚೂರಾಗಿ ಕತ್ತಲೆಯೊಳಗೆ ಹರಡಿಕೊಂಡಿತು. ವರ್ಕಿ ಬಿಸ್ಕತ್ತು ಕಡಿಯುತ್ತಿದ್ದವರ ಬಾಯಿ ನಿಂತಿತು. ಲಿಂಗನ್ ಮಾಮ ಮೆಲ್ಲಗೆ, "ಅಲ್ಲಿ ಸತ್ತರೆ ಕೂಗೂ ಕೇಳೋದಿಲ್ಲೆ" ಎಂದರು. ಹೆತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸತ್ಯ ಹೇಳಿದವನು ನಾನು. ಅದನ್ನು ಜನರ ಎದೆಗೆ ಮುಟ್ಟಿಸಿದವರು ಅವರು. ಅದಕ್ಕೆ ನಾನು ಸಂತೋಷಪಡಬೇಕಿತ್ತು. ಬದಲಿಗೆ ಇನ್ನೂ ಜೋರಾಗಿ ಹಲ್ಲು ಕಡಿದೆ. ಅದರ ಹೆಸರು ಅಸೂಯೆ ಎಂದು ಬರೆಯಲು ಇಷ್ಟು ವರ್ಷ ಬೇಕಾಯಿತು.

ಮುಂದಿನ ಭಾನುವಾರವೋ, ಅದರ ಮುಂದಿನದೋ. ಸಿನಿಮಾ ಯಾವುದೆಂದು ನೆನಪಿಲ್ಲ. ನೌಕೆ ಭೂಮಿಯನ್ನು ಸುತ್ತುತ್ತಿತ್ತು, ಒಳಗೆ ಜನ ತೇಲುತ್ತಿದ್ದರು. ಗಾಳಿಯಲ್ಲಿ ಒಂದು ಪೆನ್ನು ತಿರುಗುತ್ತಿತ್ತು — ಚಮಚವೂ ಇರಬಹುದು. ಲಿಂಗನ್ ಮಾಮ ಕಥೆ ಹೇಳುವುದನ್ನು ನಿಲ್ಲಿಸಿ ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ ಜನರ ಕಡೆ ತಿರುಗಿದರು.

"ಇವರು ತೇಲ್ತಾ ಇಲ್ಲೆ. ಬೀಳ್ತಾ ಇದ್ದಾರೆ" ಎಂದರು.

ಯಾರೋ ನಕ್ಕರು. ಅವರು ಬಿಡಲಿಲ್ಲ. ಒಂದು ಸಲ ಹಗ್ಗ ಸಡಿಲಾಗಿ ಅವರು ಕೂತಿದ್ದ ವಿಂಚ್ ಗಾಡಿ ನಾಲ್ಕು ಮಾರು ಸರ್ರನೆ ಜಾರಿತ್ತಂತೆ. ತೊಡೆಯ ಮೇಲೆ ಊಟದ ಕ್ಯಾರಿಯರ್ ಇತ್ತು. ಜಾರಿದಷ್ಟು ಹೊತ್ತು ಕ್ಯಾರಿಯರ್ ಖಾಲಿ ಡಬ್ಬಿಯ ಹಾಗೆ ಹಗುರವಾಗಿತ್ತು. ಬ್ರೇಕು ಹಿಡಿದ ಮೇಲೆ ತೂಕ ಮತ್ತೆ ಬಂದು ತೊಡೆಯ ಮೇಲೆ ಕೂತಿತು. "ಇಳಿಜಾರಿನಲ್ಲೇ ಅಷ್ಟು ತೂಕ ಹೋಯ್ತು. ಹಳಿಯೇ ಇಲ್ಲದೆ ನೇರ ಬಿದ್ದಿದ್ದರೆ ಪೂರಾ ಹೋಗ್ತಿತ್ತು. ನಾನೂ ಕ್ಯಾರಿಯರೂ ಗಾಡಿಯೂ ಒಟ್ಟಿಗೆ ಬೀಳೋವಾಗ ಯಾರು ಯಾರ ಮೇಲೆ ಕೂರೋದು?"

ಹೆತ್ತೆ ಕೇಳಿದಳು: "ಬೀಳೋದಾದರೆ ಇಷ್ಟು ಹೊತ್ತಿಗೆ ನೆಲ ಮುಟ್ಟಬೇಕಲ್ಲ, ಲಿಂಗಾ?"

"ಅದು ನಂಗೆ ಗೊತ್ತಾಗ್ತಾ ಇಲ್ಲೆ" ಎಂದು ಅವರು ಹಿಂದಿನ ಸಾಲಿನ ಕಡೆ ನೋಡಿದರು. "ಮಾಸ್ಟರ್ ಹೇಳಲಿ."

ಅರ್ಧ ದಾರಿಯನ್ನು ಅವರೊಬ್ಬರೇ ನಡೆದು ಬಂದಿದ್ದರು, ಯಾವ ಪುಸ್ತಕವೂ ಇಲ್ಲದೆ. ಉಳಿದರ್ಧ ನನ್ನ ಬಳಿ ಇತ್ತು. ನೌಕೆಯವರು ಬೀಳುತ್ತಲೇ ಮುಂದಕ್ಕೂ ಬಹಳ ಜೋರಾಗಿ ಓಡುತ್ತಿದ್ದಾರೆ ಮಾಮ, ನೆಲ ಅವರ ಕೆಳಗೆ ಬಾಗಿಕೊಂಡು ಹೋಗುತ್ತದೆ, ಅದಕ್ಕೇ ಮುಟ್ಟುವುದಿಲ್ಲ. ಇಷ್ಟೇ. ಇಷ್ಟು ಹೇಳಿದ್ದರೆ ಆ ಮಧ್ಯಾಹ್ನ ಆ ಕ್ಲಬ್ಬಿನಲ್ಲಿ —

ನಾನು ಹೇಳಿದ್ದು: "ಹಾಗೆಲ್ಲ ಇಲ್ಲ ಮಾಮ. ಅಲ್ಲಿ ಭೂಮಿಯ ಎಳೆತವೇ ಇಲ್ಲ. ಅದಕ್ಕೆ ತೇಲುತ್ತಾರೆ. ವಿಂಚಿಗೂ ಇದಕ್ಕೂ ಏನು ಸಂಬಂಧ?"

ಸುಳ್ಳು. ಒಂದು ಸಿನಿಮಾ ಹೇಳಿದ್ದರೆ ನಾನು ಹರಿದು ಹಾಕುತ್ತಿದ್ದಂಥ ಸುಳ್ಳು. ಜನ ನಕ್ಕರು. ಈ ಸಲ ನನ್ನ ಕಡೆ ಸೇರಿ ನಕ್ಕರು. "ಬಿದ್ದ ಲಿಂಗ, ಎದ್ದು ಕಥೆ ಹೇಳು" ಎಂದು ಒಬ್ಬ ಕೂಗಿದ. ಲಿಂಗನ್ ಮಾಮ ತಲೆಯಾಡಿಸಿ, "ಸರಿ, ಮಾಸ್ಟರ್ ಹೇಳಿದ ಮೇಲೆ ಆಯ್ತು" ಎಂದರು. ಸಿನಿಮಾ ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಅವರು ಕಥೆ ಹೇಳುವುದನ್ನೇ ಬಿಟ್ಟರು. 'ಬಿದ್ದ ಲಿಂಗ' ಎಂಬ ಹೆಸರು ಮಾತ್ರ ಉಳಿಯಿತು.

ಮನುಷ್ಯನ ನೆನಪನ್ನು ನಂಬಬಾರದು ಎಂದು ನಾನು ಪಾಠ ಮಾಡಿದ್ದೇನೆ. ಆ ದಿನ ನಾನು ನಿಜಕ್ಕೂ ತಿಳಿದೇ ಹೇಳಿದೆನೇ? ಆ ಗಳಿಗೆಗೆ ಮರೆತಿರಬಹುದೇ? ಪಾಪಭಾವನೆ ಆಮೇಲೆ ಹೆಣೆದುಕೊಂಡ ಕಥೆಯೇ ಇದು? ವರ್ಷಗಟ್ಟಲೆ ಈ ಪ್ರಶ್ನೆಗಳ ಹಿಂದೆ ಅಡಗಿಕೊಂಡೆ. ಆದರೆ ಕೆಂಪು ಗುರುತಿನ ವಿಷಯದಲ್ಲಿ ನನಗೆ ಆ ಅನುಕೂಲವೂ ಇಲ್ಲ.

ಮಾದೇವಿ ಆಗ ಹತ್ತನೆಯ ಕ್ಲಾಸು, ನನ್ನ ಟ್ಯೂಷನ್ನಿಗೆ ಬರುತ್ತಿದ್ದಳು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನೋಡದೆಯೇ ಟೆಸ್ಟಿಗೆ ಕೊಟ್ಟಿದ್ದೆ. ಅದರಲ್ಲಿ ಆ ಪ್ರಶ್ನೆ ಇತ್ತು: ಭೂಮಿಯನ್ನು ಸುತ್ತುವ ನೌಕೆಯಲ್ಲಿರುವವರಿಗೆ ತೂಕವಿಲ್ಲದಂತೆ ಅನಿಸುವುದೇಕೆ? ಅವಳು ಮೊದಲು, ಅವರೂ ನೌಕೆಯೂ ಒಟ್ಟಿಗೆ ಬೀಳುತ್ತಿರುವುದರಿಂದ, ಎಂದು ಬರೆದಿದ್ದಳು. ಅದನ್ನು ಸ್ಕೇಲು ಇಟ್ಟು ಒಂದೇ ಗೆರೆಯಲ್ಲಿ ಹೊಡೆದು ಹಾಕಿ, ಕೆಳಗೆ, ಅಲ್ಲಿ ಗುರುತ್ವ ಇಲ್ಲದಿರುವುದರಿಂದ, ಎಂದು ಬರೆದಿದ್ದಳು. ಹೊಡೆದ ಸಾಲು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅಪ್ಪನನ್ನು ಹೊಡೆದು ಹಾಕಿ ನನ್ನನ್ನು ಬರೆದಿದ್ದಳು.

ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ತಪ್ಪು ಹಾಕಿದರೆ ಅವಳು ಯಾಕೆಂದು ಕೇಳುತ್ತಾಳೆ. ಸರಿ ಹಾಕಿದೆ. ಪೂರ್ತಿ ಅಂಕ ಕೊಟ್ಟೆ. ಅಲ್ಲಿ ಯಾರೂ ನಗುತ್ತಿರಲಿಲ್ಲ, ಕೆಣಕುತ್ತಿರಲಿಲ್ಲ. ಅದು ಅವಸರದಲ್ಲಿ ಬಾಯಿ ತಪ್ಪಿದ್ದಲ್ಲ.

ಇನ್ನೊಂದಿದೆ. ನನ್ನ ಉಪನ್ಯಾಸಗಳಲ್ಲಿ ತೇಲುವ ದೃಶ್ಯ ಬಂದಾಗ ನಾನು ಒಂದು ಉದಾಹರಣೆ ಕೊಡುತ್ತೇನೆ. ಹಳಿಯ ಮೇಲೆ ಜಾರುವ ಗಾಡಿ, ತೊಡೆಯ ಮೇಲೆ ಊಟದ ಕ್ಯಾರಿಯರ್. ಎಂಥ ಸರಳ ಉದಾಹರಣೆ ಸಾರ್, ನೀವೇ ಯೋಚಿಸಿದ್ದಾ, ಎಂದು ಕೇಳಿದವರಿದ್ದಾರೆ. ನಾನು ಮುಗುಳ್ನಕ್ಕಿದ್ದೇನೆ.

ಹೋದ ತಿಂಗಳು ಊಟಿಯ ಬ್ಯಾಂಕೊಂದರಲ್ಲಿ ಕೌಂಟರಿನ ಆ ಕಡೆ ಮಾದೇವಿ ಕೂತಿದ್ದಳು. ನನ್ನ ಗುರುತು ಹಿಡಿದಳು. ಊಟದ ಬಿಡುವಿನವರೆಗೆ ಕಾದಿದ್ದು, ಹೊರಗಿನ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

"ಪ್ಲಸ್ ಟೂನಲ್ಲಿ ಓದಿದಾಗಲೇ ಗೊತ್ತಾಯ್ತು ಸಾರ್" ಎಂದಳು. "ಆದರೆ ಒಂದು ಬಿಟ್ಟಿರಿ. ಆವತ್ತು ಕ್ಲಬ್ಬಿನಲ್ಲಿ ನಾನೂ ಇದ್ದೆ. ನೀವು ಹೇಳೋ ಮೊದಲು ನಕ್ಕಿರಿ. ಎಲ್ಲರಿಗಿಂತ ಮೊದಲು ನಕ್ಕವರು ನೀವೇ."

ಆ ನಗು ನನ್ನ ನೆನಪಿನಲ್ಲಿ ಇಲ್ಲ. ಇಷ್ಟು ವರ್ಷ ಹುಡುಕಿದ ನೆನಪಿನಲ್ಲಿ ಒಮ್ಮೆಯೂ ಸಿಕ್ಕಿಲ್ಲ. ಅವಳು ಹೇಳಿದ್ದನ್ನು ನಂಬುತ್ತೇನೆ.

"ಅಪ್ಪನಿಗೆ ಹೇಳಲಿಲ್ಲವೇ?" ಎಂದು ಕೇಳಿದೆ.

"ಪುಸ್ತಕ ತೆಗೆದು ಪಟ ತೋರಿಸಿದೆ. ನೀನು ಹೇಳಿದ್ದೇ ಸರಿ ಅಪ್ಪಾ ಅಂದೆ. ಅವರು ಕನ್ನಡಕ ಹಾಕ್ಕೊಂಡು ನೋಡಿದರು. 'ನಂಗೆ ಸಮಾಧಾನ ಮಾಡೋಕೆ ಹೇಳ್ತೀಯ, ಮಾಸ್ಟರ್ ತಪ್ಪು ಹೇಳ್ತಾರಾ' ಅಂದರು."

ಅವರು ತಮ್ಮ ಮೈ ಹೇಳಿದ್ದನ್ನು ಬಿಟ್ಟರು, ಅಚ್ಚಾದ ಪುಸ್ತಕವನ್ನು ಬಿಟ್ಟರು, ಮಗಳನ್ನು ಬಿಟ್ಟರು. ನನ್ನನ್ನು ನಂಬಿದರು.

ಈಗ ಅವರು ನಂಜನಾಡಿನ ಬಳಿ ಇದ್ದಾರೆ, ಪೆನ್ಷನ್ ಆಗಿದೆ, ಸ್ವಲ್ಪ ಕೋಸು ಬೆಳೆಯುತ್ತಾರೆ. ಮನೆಗೆ ಬಂದು ಹೇಳಲೇ ಎಂದು ಕೇಳಿದೆ. ಮಾದೇವಿ, "ಮನೇಲಿ ಬೇಡ ಸಾರ್. ನೀವು ಮರ್ಯಾದೆಗೆ ಹೇಳ್ತಿದೀರಿ ಅಂದ್ಕೊಳ್ತಾರೆ. ಆವತ್ತು ನಕ್ಕವರು ಇರೋ ಕಡೆ ಹೇಳಿ" ಎಂದಳು.

ಆ ಕ್ಲಬ್ಬಿನ ಈಗಿನ ಕಾರ್ಯದರ್ಶಿಯನ್ನು ಕಂಡು, ಒಂದು ಭಾನುವಾರ ಅಲ್ಲಿ ಮಾತಾಡಲು ಅವಕಾಶ ಕೇಳಿಕೊಂಡಿದ್ದೇನೆ. ಬಾಹ್ಯಾಕಾಶದ ಸಿನಿಮಾಗಳ ಬಗ್ಗೆ ಮಾತಾಡುತ್ತೀರಾ ಎಂದು ಅವರು ಖುಷಿಪಟ್ಟರು. ಹೌದು ಎಂದೆ. ಲಿಂಗನ್ ಮಾಮನನ್ನು ಕರೆತರುವ ಕೆಲಸ ಮಗಳದು. ಅವರು ಬರದೆಯೂ ಇರಬಹುದು. ಬಂದರೂ ನನ್ನ ಮಾತು ಮುಗಿಯುವ ಮೊದಲೇ ಎದ್ದು ಹೋಗಬಹುದು. ಎದುರಿಗೆ ಯಾರಿದ್ದರೂ ನಾನು ಎದ್ದು ನಿಂತು, ಲಿಂಗನ್ ಮಾಮ ಹೇಳಿದ್ದು ಸರಿ, ನಾನು ಹೇಳಿದ್ದು ಸುಳ್ಳು, ಅದು ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು, ಎನ್ನಬೇಕು. ಜನ ನಗಬಹುದು. ನಗಲಿ. ಅವರು ನಕ್ಕು ಮುಗಿಸುವವರೆಗೆ ನಿಂತಿರುತ್ತೇನೆ.