ಎಳನೀರು ಕುಡಿಸುವ ಮರ್ಯಾದೆ

ಕಳೆದ ಭಾನುವಾರ ನಾನು ಕುಳಿತಲ್ಲೇ ಮೂರು ಲೋಟ ಎಳನೀರು ಕುಡಿದೆ. ಬಾಯಾರಿಕೆಗಲ್ಲ. ಹಿರಿಯರ ಮುಂದೆ ‘ಬೇಡ’ ಎನ್ನಲು ನನ್ನ ತಂಗಿಗೆ ಬಾಯಿ ಬರಲಿಲ್ಲ, ಅದಕ್ಕೆ.

ನಗಬೇಡಿ ಮೊಮ್ಮಕ್ಕಳೇ, ಪೂರ್ತಿ ಕೇಳಿ.

ಹತ್ತಿಮತ್ತೂರಿನ ನನ್ನ ತಂಗಿ ಶಾಂತವ್ವನ ಎರಡೂ ಕಿಡ್ನಿ ಸೋತಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹೇಳಿದ್ದಾರೆ. ಆದರೆ ನಮ್ಮ ಕಡೆ ರೋಗಿಯನ್ನು ಮಾತನಾಡಿಸಲು ಬರಿಗೈಯಲ್ಲಿ ಹೋಗುವುದುಂಟೇ? ಎಳನೀರು, ಬಾಳೆಹಣ್ಣು ಬೇಕೇ ಬೇಕು. ತಂದದ್ದನ್ನು ತಂದವರ ಕಣ್ಣೆದುರೇ ಮುಗಿಸಬೇಕು. (ಇಲ್ಲವಾದರೆ ರೋಗಿಗೆ ಸೊಕ್ಕು.)

ನಾನೂ ಮೊಮ್ಮಗಳು ಸುಮಾಳೂ ಹೋದಾಗ ಶಾಂತವ್ವನ ಭಾವ, ಅಂದರೆ ಅವಳ ಗಂಡನ ಅಣ್ಣ, ಅವಳನ್ನು ಮಾತನಾಡಿಸಲು ಬಂದು ಅಂಗಳದಲ್ಲಿ ಎಳನೀರು ಕೆತ್ತುತ್ತಿದ್ದರು. ಹೋದ ವರ್ಷ ವಾಂತಿಭೇದಿಯಾಗಿ ಅವರ ಕಿಡ್ನಿಯೂ ಕೆಲಸ ನಿಲ್ಲಿಸಿತ್ತು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಎದ್ದು ಬಂದರು. ಅಂದಿನಿಂದ ಊರಿಗೆಲ್ಲ ಕಿಡ್ನಿ ತಜ್ಞರು ಅವರೇ. ಆಸ್ಪತ್ರೆಯ ಸಲೈನು ಮರೆತಿದೆ, ಡಯಾಲಿಸಿಸ್ ಮರೆತಿದೆ. ಮನೆಗೆ ಬಂದ ಮೇಲೆ ಕುಡಿದ ಎಳನೀರು ಮಾತ್ರ ನೆನಪಿದೆ.

ಸುಮಾ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಕೊಡಬೇಡಿ ಎಂದಳು. ಅಜ್ಜನದು ಅಕ್ಯೂಟ್, ತಟ್ಟನೆ ಬಂದದ್ದು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಕಿಡ್ನಿ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಶಾಂತವ್ವ ಆಯಿಯದು ಕ್ರಾನಿಕ್, ಬಿಪಿ, ಸಕ್ಕರೆಯಿಂದ ವರ್ಷಗಟ್ಟಲೆ ಹಾಳಾದದ್ದು, ಅದು ಮೊದಲಿನಂತಾಗದು. ಅಜ್ಜನದು ಉಳುಕಿದ ಕಾಲು, ಆಯಿಯದು ಸವೆದ ಮೊಣಕಾಲು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ಎದೆಬಡಿತವೇ ನಿಲ್ಲಬಹುದು ಎಂದೆಲ್ಲ ಬಿಡಿಸಿ ಹೇಳಿದಳು. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಮಾರ್ಕ್ಸ್ ಸಿಗುತ್ತಿತ್ತು.

ಇಲ್ಲಿ ಸಿಕ್ಕಿದ್ದು ನಗು.

“ನೀ ಇನ್ನೂ ಓದಾಕತ್ತೀಯವಾ. ನಂದು ಕೆಟ್ಟು ರಿಪೇರಿನೂ ಆಗೈತಿ. ಅನುಭವ ಯಾರಿಗೆ ಜಾಸ್ತಿ?”

ಶಾಂತವ್ವ ಸೆರಗು ಸರಿಮಾಡಿಕೊಂಡು ಲೋಟಕ್ಕೆ ಕೈ ಚಾಚಿದಳು. ಅಪಾಯವೆಂದು ಅವಳಿಗೂ ಗೊತ್ತು. ಆದರೆ ಭಾವ ಕೊಟ್ಟದ್ದನ್ನು ಒಲ್ಲೆ ಎನ್ನುವುದೇ? ನಾನು ಲೋಟ ಕಸಿದುಕೊಂಡು ಕುಡಿದುಬಿಟ್ಟೆ. ಅವರು ಇನ್ನೊಂದು ಕೆತ್ತಿದರು. ಅದನ್ನೂ ಕುಡಿದೆ. ಮೂರನೆಯದು ನನ್ನ ಗಂಟಲಿಗೆ ಇಳಿದಾಗ ಅವರು ಕುಡುಗೋಲು ಕೆಳಗಿಟ್ಟರು.

“ಅಕ್ಕಾರ, ಬ್ಯಾನಿ ನಿಮಗೈತೋ, ನಿಮ್ಮ ತಂಗಿಗೈತೋ?”

ನೆಲ ನೋಡುತ್ತಲೇ ಹೇಳಿದೆ. “ಆಕಿ ಒಲ್ಲೆ ಅನ್ನಾಕ ನಾಚ್ತಾಳ್ರಿ. ನೀವು ಸಣ್ಣ ಹುಡುಗಿ ಮಾತು ಕೇಳಾಕ ನಾಚ್ತೀರಿ. ಜೀವ ಹೋದಮ್ಯಾಲ ನಾಚಿ ಏನ್ ಮಾಡೋದೈತ್ರಿ?”

ಅವರು ಮತ್ತೆ ಕುಡುಗೋಲು ಎತ್ತಿಕೊಂಡು ನಾಲ್ಕನೆಯದನ್ನು ಕೆತ್ತಿ ಸೀದಾ ಶಾಂತವ್ವನ ಕೈಗೇ ಹಿಡಿದರು. ಶಾಂತವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

“ಒಲ್ಲೆರಿ, ಭಾವಾರ.”

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳು ಆಡಿದ ಮೊದಲ ‘ಒಲ್ಲೆ’ ಅದು. ಭಾವ ಮಿಕ್ಕ ಎಳನೀರನ್ನು ಚೀಲಕ್ಕೆ ತುಂಬಿಕೊಂಡು, ಚಹಾವನ್ನೂ ಕುಡಿಯದೆ ಹೊರಟುಹೋದರು.

ಮುನಿದ ಹಿರಿಯರನ್ನು ನಾಳೆ ಸಮಾಧಾನ ಮಾಡಬಹುದು. ನಿಂತ ಎದೆಯನ್ನು ಯಾರು ಸಮಾಧಾನ ಮಾಡುತ್ತಾರೆ?