ಕಡುಬಿನ ಸಾರು, ಖಾಲಿ ಬಟ್ಟಲು

ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ, ವಾಡಿಯ ನಮ್ಮ ಓಣಿಯಲ್ಲಿ ಮಹಾಯುದ್ಧ ಮುಗಿದಾಗ ಪಲ್ಟನ್ನಿನ ಜೊತೆ ಜಪಾನಿಗೆ ಹೋಗಿಬಂದ ಸಿಪಾಯಿಯೊಬ್ಬನಿದ್ದ. ಅಲ್ಲಿಯ ಹಳ್ಳಿಯವರ ಕಡುಬಿನ ಸಾರನ್ನು ನಮಗೆ ಉಣಿಸುವ ಹಟ ಅವನಿಗೆ. ಆದರೆ ಅಲ್ಲಿಯ ಗೋಧಿ ಹಿಟ್ಟಿನಂತೆ ತಣ್ಣೀರಲ್ಲಿ ನಾದಿದ ನಮ್ಮ ಜೋಳದ ಹಿಟ್ಟು ಪ್ರತಿಸಲವೂ ಸಾರಿನಲ್ಲಿ ಒಡೆದು ಅಂಬಲಿಯಾಗುತ್ತಿತ್ತು, ಓಣಿ ನಗುತ್ತಿತ್ತು.

ಒಂದು ಸಂಜೆ ಅವನ ತಾಯಿ ತಾಳ್ಮೆಗೆಟ್ಟು ಹಿಟ್ಟಿಗೆ ಕುದಿನೀರು ಸುರಿದಳು. "ಜ್ವಾಳಕ್ಕ ಎಸರು ಬೇಕೋ, ಖೋಡಿ!"

ಕಡುಬುಗಳು ಇಡಿಯಾಗಿ ತೇಲಿದವು. ನಾವು ಸೊರ್ರೆಂದು ಉಂಡೆವು. ಜಪಾನಿನ ಅಕ್ಕಿಮದ್ಯದ ಬದಲು ಅವನು ಎಲ್ಲರಿಗೂ ಸಿಂದಿ ಸುರಿದು, ತಾನು ಖಾಲಿ ಬಟ್ಟಲು ಹಿಡಿದು ಕುಳಿತ. "ಅಲ್ಲಿ ಯಾರೂ ತಮ್ಮ ಬಟ್ಟಲಾ ತಾವ ತುಂಬ್ಕೊಳಂಗಿಲ್ರಿ."

ಸಿಂದಿಯ ಮಡಕೆಯನ್ನು ಎಂದೂ ಮುಟ್ಟದ ಆ ಲಿಂಗವಂತ ತಾಯಿ ಎದ್ದು, ಅವನ ಬಟ್ಟಲನ್ನು ತುಳುಕುವಂತೆ ತುಂಬಿದಳು.

"ಕುಡಿ, ಮಗನ. ಗೆದ್ದಿ."