ಚಿ. ಅರುಣ್‌ಕುಮಾರ್

ಜಾವಗಲ್ಲಿನ ಜವರಣ್ಣನಿಗೆ ಕಲ್ಲಿನ ಮೇಲೆ ಅಕ್ಷರ ಕೆತ್ತುವುದು ಕಸುಬು, ಬೇರೆಯವರ ಕಾಗುಣಿತ ತಿದ್ದುವುದು ಚಟ. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಲಗ್ನಪತ್ರಿಕೆಯಲ್ಲಿ ತಪ್ಪು ಹುಡುಕುವ ಆಸಾಮಿ. ಬಸ್ಸಿನ ಬೋರ್ಡನ್ನೂ ಬಿಟ್ಟವನಲ್ಲ. "ಬಾಯಲ್ಲಿ ಆಡಿದ್ದು ಗಾಳಿಗೆ ಹೋಯ್ತದೆ, ಕಲ್ಲಲ್ಲಿ ಕೂತಿದ್ದು ಹೋಗಲ್ಲ ಕಣ್ಲಾ" ಎಂದು ನನಗೂ ಎಷ್ಟೋ ಸಲ ಉಪದೇಶ ಮಾಡಿದ್ದಾನೆ. ಈಗ ಆ ಮಾತು ಎತ್ತುವುದಿಲ್ಲ.

ಅರೇಹಳ್ಳಿ ಕಡೆಯ ಒಂದು ಚರ್ಚಿನ ಅಂಗಳದಲ್ಲಿ ಕಲ್ಲಿನ ಶಿಲುಬೆಯಿದೆ. ಹಳೆಯ ಮಹಾಯುದ್ಧಕ್ಕೆ ಹೋಗಿ ವಾಪಸ್ಸು ಬಾರದ ನಾಲ್ವರ ಹೆಸರುಗಳು ಅದರ ಪೀಠದ ಮೇಲಿವೆ. ಎರಡು ವರ್ಷದ ಹಿಂದೆ ಐದನೆಯದನ್ನು ಸೇರಿಸಬೇಕಾಯಿತು. ಕಾಫಿ ತೋಟದಲ್ಲಿ ಕೂಲಿ ಮಾಡುವ ಮುತ್ತಮ್ಮನ ಒಬ್ಬನೇ ಮಗ ಅರುಣ್‌ಕುಮಾರ್ ಗಡಿಯಲ್ಲಿ ಗುಂಡು ತಗುಲಿ ಸತ್ತಿದ್ದ. ಅವನ ಹೆಸರೂ ಅಲ್ಲಿರಲಿ ಎಂಬುದು ಆಕೆಯ ಆಸೆ. ಪಾದ್ರಿಗಳು ಒಪ್ಪಿ, ಜವರಣ್ಣನಿಗೆ ಹೇಳಿ ಕಳಿಸಿದರು.

ಮುತ್ತಮ್ಮ ಒಂದು ಚೀಟಿ ಕೊಟ್ಟಳು. ಅದರಲ್ಲಿ 'ಚಿ. ಅರುಣ್‌ಕುಮಾರ್' ಎಂದಿತ್ತು. "ಹಿಂಗೇ ಕೆತ್ತಬೇಕು ಅಣ್ಣ, ಹಿಂಗೇ" ಎಂದು ಎರಡೆರಡು ಸಲ ಹೇಳಿ ಕೆಲಸಕ್ಕೆ ಹೋದಳು.

ಜವರಣ್ಣನಿಗೆ ಒಳಗೊಳಗೇ ನಗು ಬಂತಂತೆ. ಚಿರಂಜೀವಿ ಎಂದು ಬಾಳಿ ಬದುಕಬೇಕಾದವರಿಗೆ ಹಾಕುತ್ತಾರೆ, ಸತ್ತವರಿಗೆ 'ದಿ.' ಹಾಕುತ್ತಾರೆ. ಓದು ಬಾರದ ಹೆಂಗಸು, ಯಾವುದೋ ಲಗ್ನಪತ್ರಿಕೆ ನೋಡಿ ಬರೆಸಿರಬೇಕು ಎಂದುಕೊಂಡ. ತೋಟ ಕೂಗಳತೆಯಲ್ಲಿತ್ತು, ಕೇಳಬಹುದಿತ್ತು. ಕೇಳಲಿಲ್ಲ. ಉಪಕಾರ ಮಾಡುತ್ತಿದ್ದೇನೆಂದು ನಂಬಿ, 'ದಿ. ಅರುಣ್‌ಕುಮಾರ್' ಎಂದು ಆಳವಾಗಿ, ಅಂದವಾಗಿ ಕೆತ್ತಿದ. ಇದಕ್ಕೆ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಅವನ ಮುಖ ನೋಡಿದರೆ ಮರುಕವೂ ಆಗುತ್ತದೆ.

ಸಂಜೆ ಮುತ್ತಮ್ಮ ಬಂದು ಮೊದಲ ಅಕ್ಷರದ ಮೇಲೆ ಬೆರಳಾಡಿಸಿದಳು. "ಇದು ನಂದಲ್ವಲ್ಲ ಅಣ್ಣ."

"ಚಿ. ಅಂತ ಬದುಕಿರೋರ್ಗೆ ಹಾಕೋದು ಕಣಮ್ಮ. ತಪ್ಪಾಗಿತ್ತು, ತಿದ್ದಿವ್ನಿ."

"ಅದ್ ನಂಗೂ ಗೊತ್ತೈತೆ. ಕ್ರಿಸ್‌ಮಸ್ಸಿಗೆ ಅವ್ನಿಗೆ ಕಜ್ಜಾಯದ ಡಬ್ಬ ಕಳಿಸ್ತಿದ್ದೆ. ಹೆಸ್ರು, ಅಡ್ರೆಸ್ಸು ಪಕ್ಕದ್ಮನೆ ಹೇಮಲತಾ ಬರೆಯೋಳು. ಮುಂದಿನ ಚಿ. ಮಾತ್ರ ನಾನೇ ಬರೀತಿದ್ದೆ. ನಂಗೆ ಬರೋದು ಅದೊಂದೇ ಅಕ್ಷರ. ಕೈ ಹಿಡ್ದು ಕಲಿಸ್ದೋನೂ ಅವ್ನೇಯ."

ಜವರಣ್ಣ ಉಳಿ ಎತ್ತಿಕೊಂಡ, ಹಾಗೇ ಕೆಳಗಿಟ್ಟ. 'ದಿ' ಅಳಿಸಬೇಕೆಂದರೆ ಪೀಠದ ಮುಖವನ್ನೇ ಅಷ್ಟು ಆಳಕ್ಕೆ ಕೆತ್ತಿ ಇಳಿಸಬೇಕು. ಹಳೆಯ ನಾಲ್ಕು ಹೆಸರೂ ಹೋಗುತ್ತವೆ ಎಂದ.

"ಬಿಡಣ್ಣ. ಅವ್ರೂ ಯಾರ್ದೋ ಮಕ್ಳು" ಎಂದಳು ಮುತ್ತಮ್ಮ.

ಮೊನ್ನೆ ನನ್ನ ಮಗನ ಲಗ್ನಪತ್ರಿಕೆ ಅಚ್ಚಾಗುವ ಮೊದಲು ಜವರಣ್ಣನಿಗೆ ತೋರಿಸಿದೆ. ಮಗನ ಹೆಸರಿನ ಮುಂದಿನ ಚಿ. ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕೂತಿದ್ದ. ಕೆಳಗೆ ನನ್ನ ಹೆಸರಿನಲ್ಲೇ ಒಂದು ಕೊಂಬು ಬಿಟ್ಟುಹೋಗಿತ್ತು. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ.